ಕಾಣುವ ಹಲ್ಲು, ಕಾಣದ ಹಲ್ಲು: ಗಿನಿಹಂದಿಯ ದಂತಚಿಕಿತ್ಸೆಯಲ್ಲಿ ಅರಿವಳಿಕೆಯ ಪ್ರಶ್ನೆ

ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು ಭಾಗದಲ್ಲಿ ಪ್ರಾಣಿಯ ಬಾಯಿ ಬಿಡಿಸಿ ನೋಡುವ ವಿದ್ಯೆ ಹಳೆಯದು. ಕುರಿ ಕೊಳ್ಳುವವರು ಕೆಳದುಟಿ ಸರಿಸಿ ಹಲ್ಲು ಎಣಿಸುತ್ತಾರೆ: ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು; ಎಂಟೂ ಬಂದರೆ ಬಾಯಿಗೂಡಿತು. ಈ ಎಣಿಕೆಯಲ್ಲಿ ಶಾಸ್ತ್ರವಿದೆ. ಕುರಿಗೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಮೊದಲ ಜೋಡಿ ಶಾಶ್ವತ ಬಾಚಿಹಲ್ಲು ಮೂಡುತ್ತದೆ, ನಾಲ್ಕರ ಹೊತ್ತಿಗೆ ನಾಲ್ಕೂ ಜೋಡಿ ತುಂಬುತ್ತವೆ. ಮೇಲ್ದವಡೆಯ ಮುಂಭಾಗದಲ್ಲಂತೂ ಹಲ್ಲೇ ಇಲ್ಲ, ಗಟ್ಟಿ ವಸಡು ಮಾತ್ರ. ಬಳ್ಳಾರಿ ತಳಿಯ ಕುರಿಯ ವಯಸ್ಸನ್ನು ಕಾಗದಪತ್ರವಿಲ್ಲದೆ ಹೇಳಬಲ್ಲ ಈ ಕಣ್ಣು ಗೌರವಕ್ಕೆ ಅರ್ಹವಾದದ್ದು. ಆದರೆ ಅದು ಮುಂದಿನ ಹಲ್ಲನ್ನು ಓದಲು ಪಳಗಿದ ಕಣ್ಣು. ಪೇಟೆಯಿಂದ ಮಕ್ಕಳಿಗಾಗಿ ತಂದ ಗಿನಿಹಂದಿ ಮೇವು ಬಿಟ್ಟು ಜೊಲ್ಲು ಸುರಿಸತೊಡಗಿದಾಗ ಇದೇ ಕಣ್ಣಿನಿಂದ ನೋಡಿದರೆ ರೋಗ ತಪ್ಪಿಹೋಗುತ್ತದೆ. ಅರಿವಳಿಕೆ ಬೇಕೆ ಬೇಡವೆ ಎಂಬ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ವಾದ.

ಗಿನಿಹಂದಿಗೆ ಒಟ್ಟು 20 ಹಲ್ಲು. ಮೇಲೆರಡು ಕೆಳಗೆರಡು ಬಾಚಿಹಲ್ಲು, ಉಳಿದ 16 ದವಡೆಹಲ್ಲು, ಕೋರೆಹಲ್ಲಿಲ್ಲ. ಕುರಿಯ ಹಲ್ಲಿಗೂ ಇದರ ಹಲ್ಲಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ, ಬುಡ ಮುಚ್ಚುವುದೇ ಇಲ್ಲ. ಹುಲ್ಲು ಅರೆಯುವಾಗ ಎಷ್ಟು ಸವೆಯುತ್ತದೋ ಅಷ್ಟು ಬೆಳೆದರೆ ಬಾಯಿ ಸಮಸ್ಥಿತಿಯಲ್ಲಿರುತ್ತದೆ. ಅರೆಯುವ ಮೇಲ್ಮೈ ಸಮತಟ್ಟಾಗಿರದೆ ಸುಮಾರು 30 ಡಿಗ್ರಿ ಓರೆಯಾಗಿದೆ. ಹೀಗಾಗಿ ಸವೆತ ತಪ್ಪಿದಾಗ ಕೆಳಗಿನ ದವಡೆಹಲ್ಲುಗಳು ನಾಲಗೆಯ ಕಡೆಗೆ ವಾಲಿ ಬೆಳೆದು, ಎರಡೂ ಬದಿಯಿಂದ ಬಂದು, ನಾಲಗೆಯ ಮೇಲೆ ಸೇತುವೆ ಕಟ್ಟುತ್ತವೆ. ಮೇಲಿನವು ಕೆನ್ನೆಗೆ ಚುಚ್ಚುತ್ತವೆ. ನಾಲಗೆ ಸಿಕ್ಕಿಬಿದ್ದ ಪ್ರಾಣಿ ಮೇವಿನ ಹತ್ತಿರ ಬರುತ್ತದೆ, ಮೂಸುತ್ತದೆ, ಬಾಯಿಗೂ ತೆಗೆದುಕೊಳ್ಳುತ್ತದೆ, ನುಂಗಲಾರದೆ ಬಿಟ್ಟುಬಿಡುತ್ತದೆ. ಮನೆಯವರಿಗೆ ಇದು ಹಟದಂತೆ ಕಂಡೀತು. ಅದು ಹಸಿವು.

ದವಡೆ ಸರಿಯಾಗಿ ಆಡದಾಗ ಬಾಚಿಹಲ್ಲೂ ಉದ್ದವಾಗುತ್ತದೆ, ಹೊರಗೆ ಕಾಣುವುದು ಅದೇ. ಉಗುರು ಕತ್ತರಿಸುವ ಕಟರಿನಿಂದ ಅದನ್ನು ಕತ್ತರಿಸಿಬಿಡುವ ಪದ್ಧತಿ ಎಲ್ಲ ಕಡೆಯೂ ಇದೆ. ಇದನ್ನು ನಾನು ಚಿಕಿತ್ಸೆಯೆಂದು ಒಪ್ಪುವುದಿಲ್ಲ. ಕಟರು ಹಲ್ಲನ್ನು ಹಿಸುಕಿ ಒಡೆಯುತ್ತದೆ; ಸೀಳು ಉದ್ದಕ್ಕೆ ಬುಡದವರೆಗೆ ಇಳಿಯಬಹುದು, ಬೆಳವಣಿಗೆಯ ಅಂಗಾಂಶಕ್ಕೆ ಪೆಟ್ಟಾಗಬಹುದು, ಸೋಂಕು ಸೇರಿ ಕೀವು ಕಟ್ಟಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಳಗಿನ ಸೇತುವೆ ಹಾಗೆಯೇ ಉಳಿದಿರುವಾಗ ಮಾಡಬೇಕಾದದ್ದು ಮುಗಿಯಿತೆಂಬ ನೆಮ್ಮದಿಯನ್ನು ಅದು ಕೊಡುತ್ತದೆ.

ಎಚ್ಚರದಲ್ಲಿರುವ ಗಿನಿಹಂದಿಯ ದವಡೆಹಲ್ಲು ನೋಡಲಾಗದೆ? ಕಿವಿ ನೋಡುವ ಉಪಕರಣವನ್ನು ಬಾಯಿಗಿಟ್ಟು ಒಂದಿಷ್ಟು ನೋಡಬಹುದು. ಆದರೆ ಅದರ ಬಾಯಿ ಅಗಲಕ್ಕೆ ತೆರೆಯದು, ಕೆನ್ನೆಯ ಒಳಮಡಿಕೆಗಳು ಹಲ್ಲನ್ನು ಮುಚ್ಚುತ್ತವೆ, ಜಗಿದ ಮೇವಿನ ಪುಡಿ ಗಂಟಲಿನವರೆಗೆ ತುಂಬಿರುತ್ತದೆ. ನೋವಿರುವ ಪ್ರಾಣಿ ಕೊಸರಾಡುತ್ತದೆ. ನುರಿತ ಕೆಲವು ವೈದ್ಯರು ಎಚ್ಚರದಲ್ಲಿಯೇ ದವಡೆಹಲ್ಲು ಉಜ್ಜುವುದುಂಟು. ಅರಿವಳಿಕೆಯ ಸಾವನ್ನು ಕಂಡವರು ಆ ದಾರಿ ಹಿಡಿಯುವುದು ನನಗೆ ಅರ್ಥವಾಗುತ್ತದೆ. ಆದರೂ ಹಲ್ಲು ಉಜ್ಜುವ ಉಪಕರಣದ ತಿರುಗುವ ತುದಿ ನಾಲಗೆಯ ಪಕ್ಕದಲ್ಲಿರುವಾಗ ಪ್ರಾಣಿ ಒಮ್ಮೆ ತಲೆ ಕೊಡವಿದರೆ ಆಗುವ ಗಾಯ ಸಣ್ಣದಲ್ಲ. ದವಡೆಯ ಬುಡದಲ್ಲಿ ಕೀವು ಗಟ್ಟಿಯಾಗಿದೆಯೇ ಎಂದು ತಿಳಿಯಲು ಬೇಕಾದ ಎಕ್ಸ್‌ರೇಯೂ ಪ್ರಾಣಿ ಅಲುಗಾಡದಿದ್ದರೆ ಮಾತ್ರ ಸರಿಯಾಗಿ ಬರುತ್ತದೆ.

ಭಯಕ್ಕೆ ಆಧಾರವಿದೆ. ಬ್ರಿಟನ್ನಿನ ಪಶು ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39, ಗಿನಿಹಂದಿಗಳಲ್ಲಿ ಶೇ. 3.80. ನಾಯಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದರೆ ಅದೇ ಅಧ್ಯಯನದಲ್ಲಿ ಬೆಕ್ಕು ಮತ್ತು ಮೊಲಗಳ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸಿದ್ದು ಶಸ್ತ್ರಕ್ರಿಯೆ ಮುಗಿದ ಮೇಲೆ. ಸಣ್ಣ ಪ್ರಾಣಿಯ ವಿಷಯದಲ್ಲಿ ಔಷಧದಷ್ಟೇ ಆಮೇಲಿನ ಆರೈಕೆಯೂ ಜೀವ ಉಳಿಸುತ್ತದೆ ಎಂದು ನಾನು ಇದನ್ನು ಓದುತ್ತೇನೆ. ವಾರಗಟ್ಟಲೆ ಉಪವಾಸವಿದ್ದ ಪ್ರಾಣಿಯನ್ನು ಕೊನೆಗೆ ತಂದು ಮಲಗಿಸಿದಾಗ ಆಗುವ ಸಾವಿನ ಹೊಣೆಯನ್ನೆಲ್ಲ ಅರಿವಳಿಕೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ.

ಗಿನಿಹಂದಿ ವಾಂತಿ ಮಾಡಲಾರದು, ಆದ್ದರಿಂದ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವಬಾರದು; ಕರುಳು ನಿಂತರೆ ಅದೇ ಮರಣ. ಬದಲಿಗೆ ಮಲಗಿಸುವ ಮುನ್ನ ಬಾಯಿಯೊಳಗಿನ ಮೇವನ್ನು ತೊಳೆದು ತೆಗೆಯಬೇಕು. ಅಂಗುಳಿನ ಹಿಂದಿನ ದ್ವಾರ ಬಹಳ ಕಿರಿದಾದ್ದರಿಂದ ಉಸಿರುನಾಳಕ್ಕೆ ಕೊಳವೆ ಇಳಿಸುವುದು ಕಷ್ಟ. ಐಸೋಫ್ಲುರೇನ್ ಎಂಬ ಉಸಿರಾಟದ ಅರಿವಳಿಕೆಯನ್ನು ಮುಖವಾಡದಿಂದಲೇ ಕೊಡುವುದು ರೂಢಿ, ಬಾಯಲ್ಲಿ ಕೆಲಸ ನಡೆಯುವಾಗ ಮುಖವಾಡವನ್ನು ಮೂಗಿನ ಮೇಲಷ್ಟೇ ನಿಲ್ಲಿಸಬೇಕಾಗುತ್ತದೆ. ಮೈ ಬೇಗ ತಣ್ಣಗಾಗುತ್ತದೆ, ಬೆಚ್ಚಗಿಡಬೇಕು. ಎಚ್ಚರವಾದ ಮೇಲೆ ನೋವಿಗೆ ಮೆಲಾಕ್ಸಿಕ್ಯಾಮ್, ತಾನಾಗಿ ತಿನ್ನುವವರೆಗೆ ಸಿರಿಂಜಿನಿಂದ ನಾರಿನ ಗಂಜಿ. ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು: ಔಷಧದಂಗಡಿಯಲ್ಲಿ ಸುಲಭವಾಗಿ ಸಿಗುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಬಾಯಿಯ ಮೂಲಕ ಹೋದರೆ ಗಿನಿಹಂದಿಯ ಕರುಳಿನ ಸಹಜ ಸೂಕ್ಷ್ಮಾಣುಗಳು ನಾಶವಾಗಿ ವಿಷ ಹುಟ್ಟಿ ಅದು ಸಾಯಬಹುದು.

ಅರಿವಳಿಕೆಯಿಲ್ಲದೆ ಹಲ್ಲಿಗೆ ಕೈಹಾಕಿದ ಪರಿಣಾಮಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ದರೋಜಿಯ ಕಲ್ಲುಬೆಟ್ಟಗಳಲ್ಲಿ 1994ರಿಂದ ಧಾಮದ ರಕ್ಷಣೆ ಪಡೆದಿರುವ ಕರಡಿಯ ಕುಲದವನ್ನೇ ಹಿಂದೆ ಕುಣಿಸಲು ಹಿಡಿದಾಗ, ಮರಿಗಳ ಕೋರೆಹಲ್ಲನ್ನು ಅರಿವಳಿಕೆ ಕೊಡದೆ ಒಡೆದು ಕೀಳುತ್ತಿದ್ದರು. ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರಕ್ಕೆ ಹಾಗೆ ಬಂದವುಗಳ ಬಾಯಲ್ಲಿ ಬೇರಿನ ಚೂರು ಉಳಿದು ಕೊಳೆತಿದ್ದುಂಟು. ಅವನ್ನು ತೆಗೆಯಲು ಕೊನೆಗೂ ಅರಿವಳಿಕೆಯೇ ಬೇಕಾಯಿತು. ಇನ್ನು ಕಾನೂನಿನ ಮಾತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಮಿನಂತೆ, ಪ್ರಯೋಗಕ್ಕಾಗಿ ಶಸ್ತ್ರಕ್ರಿಯೆ ಮಾಡುವಾಗ ಸಾಧ್ಯವಾದಷ್ಟೂ ನೋವು ತಿಳಿಯದಷ್ಟು ಅರಿವಳಿಕೆ ಕೊಡಬೇಕು. ಪ್ರಯೋಗಾಲಯದ ಗಿನಿಹಂದಿಗೆ ಸಲ್ಲುವ ಈ ಕರುಣೆ ಮನೆಯ ಗಿನಿಹಂದಿಗೆ ಸಲ್ಲಬಾರದೇಕೆ?

ಹಲ್ಲಿನ ಈ ರೋಗವನ್ನು ತಡೆಯುವ ಉಪಾಯಗಳು ಮಾತ್ರ ಊರಿನಲ್ಲೇ ಇವೆ. ಮನುಷ್ಯನಂತೆ ಗಿನಿಹಂದಿಯೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಷ್ 1907ರಲ್ಲಿ ಸ್ಕರ್ವಿ ರೋಗವನ್ನು ಈ ಪ್ರಾಣಿಯಲ್ಲೇ ತೋರಿಸಿದ್ದರು. ಸಿ ಜೀವಸತ್ವದ ಕೊರತೆಯಾದರೆ ಹಲ್ಲನ್ನು ಹಿಡಿದಿಡುವ ನಾರು ಸಡಿಲವಾಗಿ ಹಲ್ಲು ಓರೆಯಾಗುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಾಕು. ದಿನವೂ ಒಂದಿಷ್ಟು ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಇದಕ್ಕೆ ನೆರವಾಗುತ್ತವೆ. ಗದ್ದೆಬದುವಿನ ಔಷಧ ಸಿಂಪಡಿಸದ ಹುಲ್ಲು, ಒಣಹುಲ್ಲು ಮುಖ್ಯ ಮೇವಾಗಲಿ. ಅಂಗಡಿಯ ಗುಳಿಗೆ ಮೇವು ಮತ್ತು ಕಾಳು ಹಲ್ಲಿಗೆ ಅರೆಯುವ ಕೆಲಸವನ್ನೇ ಕೊಡುವುದಿಲ್ಲ.

ಹಳ್ಳಿಯ ಪಶು ಚಿಕಿತ್ಸಾಲಯ ಎಚ್ಚರದಲ್ಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ: ತೂಕ ನೋಡುವುದು, ದವಡೆಯ ಕೆಳಗೆ ಬೆರಳಾಡಿಸಿ ಗಂಟು ಹುಡುಕುವುದು, ನೋವು ಇಳಿಸುವುದು, ಗಂಜಿ ಕುಡಿಸಿ ಚೇತರಿಸುವುದು. ದವಡೆಹಲ್ಲು ಉಜ್ಜುವುದನ್ನು ಐಸೋಫ್ಲುರೇನ್ ಯಂತ್ರವಿರುವ ಆಸ್ಪತ್ರೆಗೆ ಬಿಡಬೇಕು. ಮನೆಯವರು ವಾರಕ್ಕೊಮ್ಮೆ ಕಿರಾಣಿ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ, 900 ಗ್ರಾಂ ಇದ್ದದ್ದು 850ಕ್ಕೆ ಇಳಿದಾಗಲೇ ಹೊರಡಬಹುದು. ಬೇಸಿಗೆಯಲ್ಲಾದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು, ಬಳ್ಳಾರಿ ಸೀಮೆಯ ಮಧ್ಯಾಹ್ನದ ಬಿಸಿಲನ್ನು ಈ ಪ್ರಾಣಿ ತಾಳಲಾರದು.