ಬ್ರಷ್ ಸ್ಕ್ರಿಪ್ಟ್

ಬ್ರಷ್ ಸ್ಕ್ರಿಪ್ಟ್ ಎಂಬುದು ಕುಂಚದ ಕೈಬರಹವನ್ನು ಹೋಲುವ, ರೋಮನ್ ಲಿಪಿಯ ಅಲಂಕಾರಿಕ ಫಾಂಟ್. ರಾಬರ್ಟ್ ಇ. ಸ್ಮಿತ್ ರೂಪಿಸಿದ ಇದನ್ನು ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆ 1942ರಲ್ಲಿ ಅಚ್ಚುಮೊಳೆಗಳಾಗಿ ಹೊರತಂದಿತು. ಬಲಕ್ಕೆ ವಾಲಿದ ದಪ್ಪ ಗೀರುಗಳು, ಒಂದಕ್ಕೊಂದು ಕೂಡಿಕೊಳ್ಳುವ ಸಣ್ಣಕ್ಷರಗಳು, ಅಡಿಗೆರೆಯಲ್ಲಿ ಬೇಕೆಂದೇ ಉಳಿಸಿದ ಏರಿಳಿತ ಇದರ ಲಕ್ಷಣಗಳು. ಸಲೀಸಾಗಿ ಗೀಚಿದಂತೆ ಕಂಡರೂ ಇದು ಲೆಕ್ಕಾಚಾರದ ಫಲ: ಯಾವ ಮೊಳೆಯ ಪಕ್ಕ ಯಾವುದು ಬಂದರೂ ಬೆಸುಗೆ ಕಾಣಬಾರದಾದ್ದರಿಂದ ಕೂಡುಗೆರೆಗಳು ನಿಗದಿತ ಎತ್ತರದಲ್ಲೇ ಮುಗಿಯಬೇಕು. ಬರೆಯುವ ಕೈಗೆ ಅಂಥ ಕಟ್ಟುಪಾಡಿಲ್ಲ.

ಒಂದೇ ಅಕ್ಷರ ಪ್ರತಿಸಲವೂ ಪಡಿಯಚ್ಚಿನಂತೆ ಮರಳುವುದರಿಂದ ಇದು ಹುಸಿ ಕೈಬರಹ ಎಂಬ ಆಕ್ಷೇಪವುಂಟು. ಪುಟಗಟ್ಟಲೆ ಪಠ್ಯದ ಮಟ್ಟಿಗೆ ಅದು ನಿಜ. ಎರಡು ಮೂರು ಪದಗಳ ಜಾಹೀರಾತು, ಭಿತ್ತಿಪತ್ರ, ಅಂಗಡಿ ಫಲಕಗಳಲ್ಲಿ ಮಾತ್ರ ಪುನರಾವೃತ್ತಿ ಕಣ್ಣಿಗೆ ಬೀಳುವುದು ಕಡಿಮೆ, ಅಲ್ಲಿ ಬೇಕಾದ್ದೂ ಆತ್ಮೀಯತೆಯ ಭಾವವೇ ಹೊರತು ಕೈಬರಹದ ಸಾಚಾತನವಲ್ಲ. ಯುದ್ಧಾನಂತರದ ಅಮೆರಿಕದ ಜಾಹೀರಾತುಗಳಲ್ಲಿ ಇದು ಹಬ್ಬಿದ್ದಕ್ಕೆ ಈ ಗುಣವೇ ಕಾರಣವೆನ್ನಬಹುದು. ಮುಂದೆ ಕಂಪ್ಯೂಟರುಗಳಲ್ಲಿ ಸುಲಭವಾಗಿ ಸಿಕ್ಕಿ, ಅತಿಬಳಕೆಯಿಂದ ಸವಕಲಾಯಿತು. ಪೂರ್ತಿ ದೊಡ್ಡಕ್ಷರಗಳಲ್ಲಿ ಜೋಡಿಸಿದರಂತೂ ಓದುವುದೇ ಕಷ್ಟ. ಅವು ಪದದ ಮೊದಲಲ್ಲಿ ನಿಲ್ಲಲೆಂದೇ ರಚಿತವಾದವು, ಪರಸ್ಪರ ಕೂಡುವುದಿಲ್ಲ.