ವಿಕಿಪೀಡಿಯಾ ಮತ್ತು ನಮ್ಮ ಓಣಿಯ ಇತಿಹಾಸ



ಭಾಷಣ ಇರಲಿ, ಪರೀಕ್ಷೆ ಇರಲಿ, ಏನರೆ ತಿಳಿಬೇಕಂದ್ರ ನಾವು ಮೊದಲು ಮೊಬೈಲ್ ತೆಗಿತೀವಿ. ವಿಕಿಪೀಡಿಯಾದಾಗ ಇದ್ದದ್ದೇ ಖರೆ ಅಂತ ಬರಕೋತೀವಿ. ಆದರೆ ಅದನ್ನು ಬರೆದವರು ಯಾರು? ನಿಮ್ಮಂಥವರು, ನನ್ನಂಥವರು.

ಮೊದಲು ವಿಶ್ವಕೋಶ ಅಂದರೆ ಪಂಡಿತರ ಕೆಲಸವಾಗಿತ್ತು. ಮರಾಠಿ ವಿಶ್ವಕೋಶ ವಾಯಿಯಲ್ಲಿ ಲಕ್ಷ್ಮಣಶಾಸ್ತ್ರಿ ಜೋಶಿಯವರ ಸಂಪಾದಕತ್ವದಲ್ಲಿ ತಯಾರಾಯಿತು. ಕನ್ನಡ ವಿಶ್ವಕೋಶದ 14 ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯ ತಂದಿತು. ಅವು ದೊಡ್ಡ ಕೆಲಸಗಳೇ. ಆದರೆ ನಮ್ಮ ಮುತ್ಯಾನ ಮಾತು ಅಲ್ಲಿಗೆ ಮುಟ್ಟುವ ದಾರಿ ಇರಲಿಲ್ಲ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ವಿಕಿಪೀಡಿಯಾ ಶುರುವಾಯಿತು. 2003ರಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಬಂತು. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ ಇರುವ ನಮಗೆ ಎರಡು ಬಾಗಿಲು ತೆರೆದವು.

ಹಾಗಾದರೆ ಅದನ್ನು ನಂಬಬೇಕೇನು? 2005ರಲ್ಲಿ 'ನೇಚರ್' ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ತಜ್ಞರಿಂದ ಪರೀಕ್ಷೆ ಮಾಡಿಸಿತು. ಲೇಖನಕ್ಕೆ ಸರಾಸರಿ ವಿಕಿಪೀಡಿಯಾದಲ್ಲಿ ನಾಲ್ಕು, ಬ್ರಿಟಾನಿಕಾದಲ್ಲಿ ಮೂರು ತಪ್ಪು ಸಿಕ್ಕವು. ಬ್ರಿಟಾನಿಕಾದವರು ಆ ಪರೀಕ್ಷೆಯನ್ನೇ ಒಪ್ಪಲಿಲ್ಲ, ಅದು ಬೇರೆ ಮಾತು. ನಾವು ತಿಳಿಯಬೇಕಾದದ್ದು ಇಷ್ಟೇ: ಪಂಡಿತರೂ ತಪ್ಪುತ್ತಾರೆ, ಮಂದಿಯೂ ತಪ್ಪುತ್ತಾರೆ. ವಿಕಿಪೀಡಿಯಾದಲ್ಲಿ ಯಾವ ಸಾಲು ಯಾವಾಗ ಬದಲಾಯಿತು ಅನ್ನೋದು ಎಲ್ಲರಿಗೂ ಕಾಣುತ್ತದೆ. ಲೇಖನದ ಕೆಳಗೆ ಮೂಲಗಳ ಪಟ್ಟಿ ಇರುತ್ತದೆ. ಅದನ್ನು ನೋಡದೆ ನಂಬಬ್ಯಾಡ್ರಿ.

ನಮ್ಮ ತೊಡಕು ಇರುವುದು ಇಲ್ಲೇ. ಬರಿಯಾಕ ಎಲ್ಲರಿಗೂ ಹಕ್ಕಿದೆ, ಆದರೆ ಅಚ್ಚಾದ ಪುರಾವೆ ಕೊಡಬೇಕು. ಪುರಾವೆ ಇಲ್ಲದ ಸಾಲನ್ನು ಯಾರು ಬೇಕಾದರೂ ತೆಗೆಯಬಹುದು. ಶತಮಾನಗಟ್ಟಲೆ ಅಕ್ಷರದಿಂದ ದೂರ ಇಟ್ಟವರ ಕಡೆ ಅಚ್ಚಾದ ಕಾಗದ ಎಲ್ಲಿಂದ ಬರಬೇಕು?

ಭೀಮಾ ಕೋರೆಗಾಂವ್ ನೆನಸಿಕೊಳ್ಳಿ. 1818ರ ಜನವರಿ 1ರ ಯುದ್ಧದ ಸ್ತಂಭದ ಮೇಲೆ 49 ಸೈನಿಕರ ಹೆಸರಿವೆ. ಅದರಾಗ 22 ಹೆಸರು 'ನಾಕ' ಅಂತ ಮುಗಿಯುತ್ತವೆ. ಅವರು ಮಹಾರ ಸೈನಿಕರು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದಾಗ ಆ ಹೆಸರುಗಳು ಹಂಗೇ ಇದ್ದವು. ಯಾಕಂದರೆ ಕಲ್ಲಿನಾಗ ಕೊರೆದಿದ್ದರು.

ಈಗ ನಾಮಾಂತರಕ್ಕೆ ಬರ್ರಿ. 1978ರ ಜುಲೈ 27ರಂದು ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡುವ ಠರಾವು ವಿಧಾನಮಂಡಲದಲ್ಲಿ ಪಾಸಾಯಿತು. ಕೂಡಲೇ ಮರಾಠವಾಡಾದ ಹಳ್ಳಿಗಳಲ್ಲಿ ನಮ್ಮವರ ಮನೆಗಳು ಸುಟ್ಟವು, ಜೀವಗಳು ಹೋದವು. ಹೆಸರು ಬದಲಾದದ್ದು 1994ರ ಜನವರಿ 14ಕ್ಕೆ. 16 ವರ್ಷದ ಆ ಹೋರಾಟದ ತಾರೀಖುಗಳು ಪುಸ್ತಕದಾಗ ಸಿಗ್ತಾವ. ಆದರೆ ಆ ರಾತ್ರಿಗಳಲ್ಲಿ ನಿಮ್ಮ ಮನೆಯವರು ಎಲ್ಲಿದ್ದರು? ಮೋರ್ಚಾಕ್ಕೆ ಯಾರು ಹೋದರು? ಅದು ಹಿರಿಯರ ಬಾಯಾಗ ಮಾತ್ರ ಅದ. ಆವಾಗ ಇಪ್ಪತ್ತರ ಹರೆಯದಾಗ ಇದ್ದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಅದಕ್ಕೇ ನನ್ನ ವಿನಂತಿ. ಈ ವಾರ ಒಬ್ಬ ಹಿರಿಯರ ಹತ್ತಿರ ಕೂತು ಕೇಳ್ರಿ. ಹೆಸರು, ಊರು, ವರ್ಷ, ಹೇಳಿದವರು ಯಾರು, ಎಲ್ಲಾ ಬರಕೋರಿ. ಹಳೇ ಕರಪತ್ರ, ಫೋಟೋ ಇದ್ದರೆ ಜೋಪಾನ ಮಾಡ್ರಿ. ಮುಂದಿನ ವರ್ಷ ಇದೇ ಸ್ಮರಣಿಕೆಯಲ್ಲಿ ಅಚ್ಚು ಹಾಕೋಣ. ವಿಕಿಪೀಡಿಯಾಕ್ಕೆ ಹೋಗುವುದು ಆಮೇಲಿನ ಮಾತು. ಮೊದಲು ನಮ್ಮ ಕೈಯಾಗ ಒಂದು ಕಾಗದ ಇರಲಿ.

ಜೈ ಭೀಮ್.