ಬಾವಡಿಯ ನೀರು ಹಸಿರಾದದ್ದೇಕೆ?

ವಿಜಯಪುರದ ಮೆಕ್ಕಾ ದರ್ವಾಜಾದ ಹತ್ತಿರ ಇರುವ ತಾಜ್ ಬಾವಡಿ ಆದಿಲ್‌ಶಾಹಿ ಕಾಲದ ಜಲಾಶಯಗಳಲ್ಲೇ ಹೆಚ್ಚು ಭವ್ಯವಾದುದು. ಎರಡನೇ ಇಬ್ರಾಹಿಂ ಆದಿಲ್‌ಶಾ ತನ್ನ ಪತ್ನಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಇದನ್ನು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. 35 ಅಡಿ ಅಗಲದ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಗೋಪುರಗಳು, ಒಳಗೆ ಮೆಟ್ಟಿಲಿಳಿದರೆ 223 ಅಡಿ ಚೌಕದ ಕೊಳ. ಊರಿಗೆ ಕುಡಿಯುವ ನೀರು ಕೊಡಲೆಂದೇ ಕಟ್ಟಿದ್ದು.

ಆದರೆ 20ನೇ ಶತಮಾನ ಮುಗಿಯುವ ಹೊತ್ತಿಗೆ ಈ ಬಾವಡಿಯ ನೀರು ಕುಡಿಯುವುದಿರಲಿ, ಕಾಲು ತೊಳೆಯಲೂ ಹಿಂಜರಿಯುವಂತಾಗಿತ್ತು. ಕಸ, ಹೂಳು, ವಿಸರ್ಜಿಸಿದ ಮೂರ್ತಿಗಳ ಅವಶೇಷಗಳು, ಇವುಗಳ ಮೇಲೆ ಈ ಕಡೆಯ ಜನ ಹಾವಸಿ ಎನ್ನುವ ಪಾಚಿಯ ದಟ್ಟ ಹಸಿರು. ಕಳೆದ ದಶಕದಲ್ಲಿ ಹೂಳು ತೆಗೆಸಿ ಬಾವಡಿಯನ್ನು ಸ್ವಚ್ಛಗೊಳಿಸುವ ದೊಡ್ಡ ಕೆಲಸ ನಡೆಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಶತಮಾನಗಳ ಕಾಲ ಊರಿಗೆ ನೀರುಣಿಸಿದ ಕೊಳ ಕೆಲವೇ ದಶಕಗಳಲ್ಲಿ ಹಸಿರಾದದ್ದೇಕೆ? ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ, ಸ್ವಚ್ಛಗೊಳಿಸಿದ ನೀರು ಮತ್ತೆ ಹಸಿರಾಗುವುದನ್ನು ತಡೆಯಲು ಬರುವುದಿಲ್ಲ.

ಮೂತ್ರದಲ್ಲಿ ಸಿಕ್ಕ ಬೆಳಕು

ಪಾಚಿ ಬೆಳೆಯಲು ಬೆಳಕು, ಇಂಗಾಲ, ಸಾರಜನಕ ಮತ್ತು ರಂಜಕ ಬೇಕು. ಬಿಸಿಲಿಗೆ ವಿಜಯಪುರದಲ್ಲಿ ಬರವಿಲ್ಲ. ಇಂಗಾಲ ಗಾಳಿಯಿಂದ ಸಿಗುತ್ತದೆ. ಕೆಲವು ಜಾತಿಯ ಪಾಚಿಗಳು ಸಾರಜನಕವನ್ನೂ ಗಾಳಿಯಿಂದಲೇ ಪಡೆಯಬಲ್ಲವು. ಗಾಳಿಯಿಂದ ಸಿಗದೆ ಇರುವುದು ರಂಜಕ ಒಂದೇ. ಅದು ನೀರಿನಲ್ಲಿ ಫಾಸ್ಫೇಟ್ ರೂಪದಲ್ಲಿ ಇರುತ್ತದೆ.

ಜರ್ಮನಿಯ ಹ್ಯಾಂಬರ್ಗ್ ನಗರದ ರಸವಾದಿ ಹೆನ್ನಿಗ್ ಬ್ರಾಂಡ್ 1669ರಲ್ಲಿ ಚಿನ್ನ ಮಾಡುವ ಆಸೆಯಿಂದ ಮೂತ್ರವನ್ನು ಕುದಿಸಿ ಬತ್ತಿಸಿದಾಗ ಕತ್ತಲಲ್ಲಿ ಹೊಳೆಯುವ ವಸ್ತುವೊಂದು ಸಿಕ್ಕಿತು. ಅದೇ ರಂಜಕ. ಆಗ ಬಿಜಾಪುರದ ಗದ್ದುಗೆಯ ಮೇಲೆ ಎರಡನೇ ಅಲಿ ಆದಿಲ್‌ಶಾ ಇದ್ದ. 1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಕೋಟೆ ಶರಣಾಗಲು ಇನ್ನು 17 ವರ್ಷ ಉಳಿದಿತ್ತು. ತಾಜ್ ಬಾವಡಿ ಕಟ್ಟಿದವರಿಗೆ ರಂಜಕದ ಹೆಸರೇ ಗೊತ್ತಿರಲಿಲ್ಲ.

ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಈ ಮೂಲವಸ್ತುಗಳು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಇರುವುದನ್ನು ಗುರುತಿಸಿದ. ರಂಜಕದ 1 ಪರಮಾಣುವಿಗೆ ಸಾರಜನಕದ 16, ಇಂಗಾಲದ 106. ಈ ಲೆಕ್ಕದಂತೆ 1 ಗ್ರಾಂ ರಂಜಕ ಸುಮಾರು 100 ಗ್ರಾಂ ಒಣ ಪಾಚಿಯನ್ನು ಬೆಳೆಸಬಲ್ಲದು.

ಇದನ್ನು ತಾಜ್ ಬಾವಡಿಗೆ ಅನ್ವಯಿಸಿ ನೋಡೋಣ. 223 ಅಡಿ ಚೌಕದಲ್ಲಿ 20 ಅಡಿ ನೀರು ನಿಂತರೆ ಸುಮಾರು 2.8 ಕೋಟಿ ಲೀಟರ್ ಆಗುತ್ತದೆ. ಒಂದು ಲೀಟರ್ ನೀರಿನಲ್ಲಿ ರಂಜಕ 0.03 ಮಿಲಿಗ್ರಾಂ ಮೀರತೊಡಗಿದರೆ ಕೆರೆ ಕೊಳಗಳು ಹಸಿರಾಗುವ ದಾರಿ ಹಿಡಿಯುತ್ತವೆ. ಅಂದರೆ ಇಡೀ ಬಾವಡಿಗೆ ಬೇಕಾದದ್ದು ಒಂದು ಕಿಲೋಗಿಂತ ಕಡಿಮೆ ರಂಜಕ! ರೈತರಿಗೆ ಪರಿಚಿತವಾದ ಡಿಎಪಿ ಗೊಬ್ಬರದ ಲೆಕ್ಕದಲ್ಲಿ ಹೇಳುವುದಾದರೆ 4–5 ಕಿಲೋ ಸಾಕು. 50 ಕಿಲೋ ಚೀಲದ ಹತ್ತರಲ್ಲಿ ಒಂದು ಪಾಲೂ ಬೇಡ.

ಗಂಜ್‌ಗಳ ಗುಟ್ಟು

ರಂಜಕದ ಹೆಸರು ಗೊತ್ತಿರದಿದ್ದರೂ ಆದಿಲ್‌ಶಾಹಿ ಕಾಲದ ಜಲತಜ್ಞರು ಅದನ್ನು ದೂರ ಇಡುವ ವ್ಯವಸ್ಥೆಯನ್ನೇ ಮಾಡಿದ್ದರು ಎನ್ನಬಹುದು. ನಗರದ ಪಶ್ಚಿಮಕ್ಕಿರುವ ತೊರವಿಯಿಂದ ನೆಲದಡಿಯ ಸುರಂಗದ ಮೂಲಕ ನೀರು ಬರುತ್ತಿತ್ತು. ದಕ್ಷಿಣದಲ್ಲಿ 1651ರಲ್ಲಿ ಮುಹಮ್ಮದ್ ಆದಿಲ್‌ಶಾ ಕಟ್ಟಿಸಿದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಈ ಕೊಳವೆಗಳ ಸುತ್ತ ಗಾರೆ ಕಲ್ಲಿನ ಕಟ್ಟಣೆ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂದು ಕರೆಯುವ ಎತ್ತರದ ಗೋಪುರಗಳು. ಇವುಗಳಲ್ಲಿ ಕೆಲವು ಇಂದಿಗೂ ನಗರದಲ್ಲಿ ನಿಂತಿವೆ.

ಗಂಜ್‌ಗಳಿಗೆ ಎರಡು ಕೆಲಸವಿತ್ತು. ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸುವುದು ಮೊದಲನೆಯದು. ನೀರಿನಲ್ಲಿ ಬಂದ ಮಣ್ಣು ತಳದಲ್ಲಿ ಕುಳಿತು, ತಿಳಿ ನೀರು ಮುಂದಕ್ಕೆ ಹೋಗುವಂತೆ ಮಾಡುವುದು ಎರಡನೆಯದು. ರಂಜಕಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ರಂಜಕ ನುಣುಪಾದ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಪ್ರಯಾಣ ಮಾಡುತ್ತದೆ. ಅದರಲ್ಲೂ ಸುಣ್ಣದಂಶ ಇರುವ ಈ ಜಿಲ್ಲೆಯ ಕಪ್ಪು ಮಣ್ಣು ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮಣ್ಣು ತಳದಲ್ಲಿ ಕುಳಿತರೆ ರಂಜಕದ ದೊಡ್ಡ ಪಾಲೂ ಅಲ್ಲೇ ಉಳಿಯುತ್ತದೆ. ನೆಲದೊಳಗಿಂದ ಜಿನುಗಿ ಬರುವ ನೀರಂತೂ ಮೊದಲೇ ಮಣ್ಣಿನಲ್ಲಿ ಸೋಸಿಕೊಂಡು ಬಂದಿರುತ್ತದೆ. ಜೊತೆಗೆ ಸುರಂಗ ಮತ್ತು ಕೊಳವೆಗಳ ಒಳಗೆ ಬೆಳಕಿಲ್ಲ. ಬೆಳಕಿಲ್ಲದಲ್ಲಿ ಪಾಚಿಯೂ ಇಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಆಗ ಬಾವಡಿಯ ನೀರನ್ನು ಜನ ದಿನವೂ ಸೇದುತ್ತಿದ್ದರು. ಕೊಡಗಟ್ಟಲೆ ನೀರು ಹೊರಹೋದಂತೆ ಅದರಲ್ಲಿ ಕರಗಿದ್ದ ರಂಜಕವೂ ಹೊರಹೋಗುತ್ತಿತ್ತು. ಅದರ ಜಾಗಕ್ಕೆ ಹೊಸ ನೀರು ಬರುತ್ತಿತ್ತು. ಬಳಕೆಯೇ ಬಾವಡಿಯ ಸ್ವಚ್ಛತೆಯೂ ಆಗಿತ್ತು.

20ನೇ ಶತಮಾನದಲ್ಲಿ ನಲ್ಲಿಗಳು ಬಂದವು. ಭೂತನಾಳ ಕೆರೆಯ ನೀರು, ಆಮೇಲೆ ಕೃಷ್ಣೆಯ ನೀರು ಮನೆ ಬಾಗಿಲಿಗೆ ಬಂದಂತೆ ಬಾವಡಿಯಿಂದ ಸೇದುವವರು ಕಡಿಮೆಯಾದರು. ಹೊರಹೋಗುವುದು ನಿಂತಿತು, ಒಳಬರುವುದು ಹೆಚ್ಚಿತು. ಬಟ್ಟೆ ತೊಳೆಯುವ ಪುಡಿಯಲ್ಲಿ ಫಾಸ್ಫೇಟ್, ಹರಿದು ಬರುವ ಕೊಳಚೆಯಲ್ಲಿ ಫಾಸ್ಫೇಟ್, ಕೊಳೆಯುವ ಹೂವು ಹಣ್ಣು ಪ್ರಸಾದದಲ್ಲೂ ಫಾಸ್ಫೇಟ್. ಇದರ ಜೊತೆಗೆ ಬೇಸಿಗೆಯ ಬಿಸಿಲು. ಆವಿಯಾಗುವುದು ಶುದ್ಧ ನೀರು ಮಾತ್ರ, ಕರಗಿದ ರಂಜಕ ಹಿಂದೆಯೇ ಉಳಿಯುತ್ತದೆ. ನೀರು ಇಳಿದಷ್ಟೂ ಅದರ ಸಾಂದ್ರತೆ ಏರುತ್ತದೆ.

ಪರದೆ ಕಟ್ಟಿದ ಕೆರೆ

ಪಾಚಿಗೆ ರಂಜಕವೇ ಮುಖ್ಯ ಕಾರಣ ಎಂಬುದು ಒಂದು ಕಾಲಕ್ಕೆ ದೊಡ್ಡ ವಿವಾದದ ವಿಷಯವಾಗಿತ್ತು. 1960ರ ದಶಕದಲ್ಲಿ ಅಮೆರಿಕ–ಕೆನಡಾ ಗಡಿಯ ಈರಿ ಸರೋವರ ಪಾಚಿಯಿಂದ ಹದಗೆಟ್ಟಾಗ ಮಾರ್ಜಕಗಳ ತಯಾರಕರು ತಪ್ಪು ಫಾಸ್ಫೇಟಿನದಲ್ಲ, ಇಂಗಾಲದ್ದು ಎಂದು ವಾದಿಸಿದ್ದರು. ವಿಜ್ಞಾನಿ ಡೇವಿಡ್ ಶಿಂಡ್ಲರ್ 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಣ್ಣ ಕೆರೆಯೊಂದಕ್ಕೆ ಅಡ್ಡಲಾಗಿ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಸುರಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಸುರಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಕೆರೆಯ ಚಿತ್ರ ವಿವಾದಕ್ಕೆ ತೆರೆ ಎಳೆಯಲು ನೆರವಾಯಿತು. ಸಿಹಿನೀರಿನ ಕೆರೆಗಳನ್ನು ಕಾಪಾಡಲು ಫಾಸ್ಫೇಟ್ ತಡೆಯಬೇಕೆಂಬುದು ಹಲವು ದೇಶಗಳ ನೀತಿಯಾಯಿತು.

ಗಾಜಿನ ತೊಟ್ಟಿಯ ಪಾಠ

ಕೊಳದಲ್ಲಿ ದಶಕಗಳು ಹಿಡಿಯುವ ಈ ಕ್ರಿಯೆ ಮನೆಯ ಗಾಜಿನ ತೊಟ್ಟಿಯಲ್ಲಿ ವಾರಗಳಲ್ಲೇ ನಡೆಯುತ್ತದೆ. ಆದ್ದರಿಂದ ಪಾಚಿಯನ್ನು ಹತೋಟಿಯಲ್ಲಿಡುವ ವಿದ್ಯೆಯನ್ನು ಹೆಚ್ಚು ಸೂಕ್ಷ್ಮವಾಗಿ ಕಲಿತವರು ಮೀನು ಸಾಕುವವರು, ಅವರಲ್ಲೂ ಸಮುದ್ರದ ನೀರಿನಲ್ಲಿ ಹವಳ ಬೆಳೆಸುವವರು.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರ ಹೊತ್ತಿಗೆ ಗಾಜಿನ ತೊಟ್ಟಿಯಲ್ಲಿ ಮೀನು ಮತ್ತು ಜಲಸಸ್ಯ ಇಟ್ಟಾಗ ಕೊಳೆತ ಎಲೆಗಳಿಂದ ನೀರು ಕೆಡುವುದನ್ನು ಕಂಡು ಬಸವನಹುಳುಗಳನ್ನು ಬಿಟ್ಟ. ನೀರು ತಿಳಿಯಾಯಿತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಆದರೆ ಹವಳ ಮಾತ್ರ ಮುಂದಿನ ನೂರು ವರ್ಷ ತೊಟ್ಟಿಗೆ ಒಗ್ಗಲಿಲ್ಲ.

ಇದಕ್ಕೆ ಕಾರಣವಿದೆ. ಹವಳದ ದಿಬ್ಬಗಳಿರುವ ಸಮುದ್ರದಲ್ಲಿ ಫಾಸ್ಫೇಟ್ ಅತಿ ಕಡಿಮೆ, ಲೀಟರಿಗೆ 0.02 ಮಿಲಿಗ್ರಾಂ ಆಸುಪಾಸು. ಅದು ಹೆಚ್ಚಿದರೆ ಪಾಚಿ ಹವಳದ ಮೇಲೆ ಹಬ್ಬಿ ಬೆಳಕನ್ನು ಮುಚ್ಚುತ್ತದೆ. ಅಷ್ಟೇ ಅಲ್ಲ, ಹವಳ ತನ್ನ ಸುಣ್ಣದ ಮೈ ಕಟ್ಟಿಕೊಳ್ಳುವುದಕ್ಕೇ ಫಾಸ್ಫೇಟ್ ಅಡ್ಡಿಯಾಗುತ್ತದೆ. ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದ ಹವಳದಿಬ್ಬವೊಂದಕ್ಕೆ ಸಾರಜನಕ, ರಂಜಕಗಳನ್ನು ಉಣಿಸಿ ನೋಡಿದ ವಿಜ್ಞಾನಿಗಳು ಸುಣ್ಣ ಕಟ್ಟುವ ವೇಗ ಅರ್ಧಕ್ಕಿಂತ ಹೆಚ್ಚು ಕುಸಿದದ್ದನ್ನು 1979ರಲ್ಲಿ ವರದಿ ಮಾಡಿದರು.

ಮನೆಯ ತೊಟ್ಟಿಯಲ್ಲಿ ಇದು ಎಷ್ಟು ಬೇಗ ಆಗುತ್ತದೆ ನೋಡಿ. ಒಣ ಮೀನಿನಾಹಾರದಲ್ಲಿ ನೂರಕ್ಕೆ ಸುಮಾರು 1 ಭಾಗ ರಂಜಕ. ಒಂದು ಗ್ರಾಂ ಆಹಾರದಿಂದ ಸುಮಾರು 30 ಮಿಲಿಗ್ರಾಂ ಫಾಸ್ಫೇಟ್. 200 ಲೀಟರ್ ತೊಟ್ಟಿಯಲ್ಲಿ ಅದೆಲ್ಲ ಕರಗಿದರೆ ಲೀಟರಿಗೆ 0.15 ಮಿಲಿಗ್ರಾಂ. ಒಂದೇ ಚಿಟಿಕೆ ಆಹಾರಕ್ಕೆ ಸಮುದ್ರದ ಏಳು ಪಟ್ಟು!

ಇದಕ್ಕೆ ಪರಿಹಾರ ಹಂತ ಹಂತವಾಗಿ ಬಂತು. ಇಂಡೊನೇಷ್ಯಾದ ಲೀ ಚಿನ್ ಎಂಗ್ ಸಮುದ್ರದಿಂದ ಜೀವಿಗಳಿರುವ ಕಲ್ಲುಗಳನ್ನೇ ತಂದಿಟ್ಟು ತೊಟ್ಟಿಯನ್ನು ನಡೆಸಿದ ರೀತಿಯನ್ನು 1961ರಲ್ಲಿ ಪ್ರಕಟಿಸಿದ. ಬರ್ಲಿನ್ನಿನ ಹವ್ಯಾಸಿಗಳು ಅದಕ್ಕೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರವನ್ನು ಸೇರಿಸಿದರು. ಪೀಟರ್ ವಿಲ್ಕೆನ್ಸ್ ಹೇಳಿಕೊಟ್ಟ ಉಪಾಯ ನಮ್ಮವರಿಗೆ ಹೊಸದೆನಿಸದು: ಸುಣ್ಣದ ತಿಳಿನೀರು! ಅದನ್ನು ಹನಿ ಹನಿಯಾಗಿ ಬಿಟ್ಟರೆ ಹವಳಕ್ಕೆ ಕ್ಯಾಲ್ಸಿಯಂ ಸಿಗುತ್ತದೆ, ಸ್ವಲ್ಪ ಫಾಸ್ಫೇಟ್ ಕೂಡ ಸುಣ್ಣದೊಡನೆ ಸೇರಿ ನೀರಿನಿಂದ ಬೇರೆಯಾಗುತ್ತದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಆಡಿ 1980ರ ಸುಮಾರಿಗೆ ಮುಳ್ಳನ್ನು ಮುಳ್ಳಿನಿಂದಲೇ ತೆಗೆದರು. ಬೇರೊಂದು ತಟ್ಟೆಯಲ್ಲಿ ದೀಪದ ಕೆಳಗೆ ಬೇಕೆಂದೇ ಪಾಚಿ ಬೆಳೆಸಿ, ಆಗಾಗ ಕೆರೆದು ಎಸೆಯುವುದು. ಪಾಚಿಯೊಡನೆ ಅದು ಹೀರಿದ ರಂಜಕವೂ ಹೊರಹೋಗುತ್ತದೆ. ಈಗ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳುಗಳೂ ಬಂದಿವೆ.

ಹೊಸ ತೊಟ್ಟಿಗೆ ಮೊದಲ ತಿಂಗಳುಗಳೇ ಕಠಿಣ. ಮೊದಲು ಕಂದು, ಆಮೇಲೆ ಹಸಿರು ಪಾಚಿ ಬಂದೇ ಬರುತ್ತದೆ. ಕಲ್ಲು, ಮರಳುಗಳಲ್ಲಿ ಅಡಗಿದ್ದ ಫಾಸ್ಫೇಟ್ ನಿಧಾನವಾಗಿ ನೀರಿಗೆ ಬಿಡುತ್ತಲೇ ಇರುತ್ತದೆ. ಶುದ್ಧೀಕರಿಸಿದ ನೀರನ್ನೇ ತುಂಬಿ, ಆಹಾರ ಕಡಿಮೆ ಮಾಡಿ, ನೀರು ಬದಲಿಸುತ್ತ ಕಾಯಬೇಕು. ಕಾಯದೆ ಫಾಸ್ಫೇಟನ್ನು ಪೂರ್ತಿ ಇಲ್ಲವಾಗಿಸಲು ಹೊರಟವರ ಹವಳವೂ ಸೊರಗುತ್ತದೆ. ಅದಕ್ಕೂ ಬದುಕಲು ಒಂದಿಷ್ಟು ರಂಜಕ ಬೇಕು. ಇಲ್ಲಿ ಇನ್ನೊಂದು ಮಾತು. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. 2001ರಲ್ಲಿ ಗಟ್ಟಿ ಹವಳಗಳನ್ನು ವನ್ಯಜೀವಿ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಸಮುದ್ರದಿಂದ ಅದನ್ನು ಕಿತ್ತು ತರುವುದು ಅಪರಾಧ.

ಮೈಲುತುತ್ತದ ಆಸೆ

ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆ ಕೃಷಿ ಹೊಂಡ ಇಟ್ಟುಕೊಂಡ ರೈತರಿಗೂ ಪಾಚಿಯ ಕಾಟ ಹೊಸದೇನಲ್ಲ. ಹೊಂಡ ಹಸಿರಾದರೆ ಹನಿ ನೀರಾವರಿಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ದ್ರಾಕ್ಷಿಗೆ ಸಿಂಪಡಿಸುವ ಮೈಲುತುತ್ತವನ್ನೇ ಹೊಂಡಕ್ಕೂ ಹಾಕುವುದು ಸುಲಭದ ದಾರಿಯಾಗಿ ಕಾಣುತ್ತದೆ. ಅಮೆರಿಕದಲ್ಲಿ 1904ರಲ್ಲೇ ಜಲಾಶಯಗಳ ಪಾಚಿಗೆ ಈ ಮದ್ದನ್ನು ಸೂಚಿಸಲಾಗಿತ್ತು. ಪಾಚಿ ಸಾಯುವುದೇನೋ ನಿಜ. ಆದರೆ ಸತ್ತ ಪಾಚಿ ತಳಕ್ಕಿಳಿದು ಕೊಳೆತಾಗ ಅದರೊಳಗಿನ ರಂಜಕವೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಅದೇ ರಂಜಕದಿಂದ ಮುಂದಿನ ಬೆಳೆ ಏಳುತ್ತದೆ. ತಾಮ್ರ ಮಾತ್ರ ತಳದಲ್ಲಿ ಉಳಿಯುತ್ತದೆ. ಪಾಚಿ ತಿನ್ನುವ ಬಸವನಹುಳುಗಳಿಗೆ ಅದು ವಿಷ, ಹವಳದ ತೊಟ್ಟಿಗಂತೂ ಮಾರಕ.

ತಾಜ್ ಬಾವಡಿಯ ವಿಷಯದಲ್ಲೂ ಇದೇ ಮಾತು. ಹೂಳು ತೆಗೆದದ್ದು ಸರಿಯಾದ ಕೆಲಸ, ಏಕೆಂದರೆ ಹಳೆಯ ರಂಜಕದ ಉಗ್ರಾಣವೇ ಆ ಹೂಳು. ಆದರೆ ಅದು ಅರ್ಧ ಕೆಲಸ. ಕೊಳಚೆ ಒಳಗೆ ಹರಿಯದಂತೆ ನೋಡಿಕೊಳ್ಳಬೇಕು. ಮೂರ್ತಿ, ಹೂವುಗಳ ವಿಸರ್ಜನೆಗೆ ಬೇರೆ ಹೊಂಡವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನು ಬೇಲಿ ಹಾಕಿ ನೋಡಲಷ್ಟೇ ಇಡದೆ ಉದ್ಯಾನಕ್ಕೋ ಗಿಡಮರಗಳಿಗೋ ದಿನವೂ ಎತ್ತಿ ಬಳಸಬೇಕು. ಬಾವಡಿಯಲ್ಲಿ ಹಾವಸಿ ಬೆಳೆಸುವ ರಂಜಕ ಗಿಡದ ಬುಡಕ್ಕೆ ಹೋದರೆ ಗೊಬ್ಬರ. ಮಳೆ ಅಪರೂಪವಾದ ಈ ಜಿಲ್ಲೆಯಲ್ಲಿ ಕೋಟಿಗಟ್ಟಲೆ ಲೀಟರ್ ನೀರು ಹಸಿರುಗಟ್ಟಿ ಕೊಳೆಯಲು ಬಿಡುವಷ್ಟು ಶ್ರೀಮಂತಿಕೆ ಆದಿಲ್‌ಶಾಹಿಗಳಿಗೂ ಇರಲಿಲ್ಲ, ನಮಗೂ ಇಲ್ಲ.